ಬೋರ್ಡು ಇರಲಿ, ಬಾಲು ಕಾಣಲಿ

ಫೋನಿನ ಆಟದಲ್ಲಿ ಜಾಹೀರಾತು ಬಂದಾಗ ಮೂಲೆಯಲ್ಲೊಂದು ಇಂಟು ಮಾರ್ಕು ಬರುತ್ತಲ್ಲ, ಅದನ್ನು ಯಾವತ್ತಾದರೂ ನಿಧಾನವಾಗಿ ನೋಡಿದ್ದೀರಾ? ಮೊದಲು ಅದು ಇರೋದೇ ಇಲ್ಲ. ಸಣ್ಣದೊಂದು ಉಂಗುರ ಸುತ್ತುತ್ತಿರುತ್ತದೆ, ಅದರೊಳಗೆ ಅಂಕಿ ಇಳಿಯುತ್ತಿರುತ್ತದೆ. ಸೊನ್ನೆ ಮುಟ್ಟಿದ ಮೇಲಾದರೂ ಇಂಟು ಬರಬೇಕು ತಾನೆ? ಬರೋದು ಎರಡು ಬಾಣದ ಗುರುತು. ಅದನ್ನು ಒತ್ತಿದರೆ ಇನ್ನೊಂದು ಚಿತ್ರ, ಅದಕ್ಕೆ ಮತ್ತೆ ಐದು ಸೆಕೆಂಡು. ಕೊನೆಗೂ ಇಂಟು ಕಾಣಿಸಿಕೊಂಡಿತು ಅಂದರೆ ಅದು ಈ ಸಲ ಎಡಗಡೆ, ಬಿಳಿ ಚಿತ್ರದ ಮೇಲೆ ಬಿಳಿ ಗೆರೆ. ಬೆರಳಿಟ್ಟರೆ ಬೆರಳೇ ಅದಕ್ಕಿಂತ ದೊಡ್ಡದು. ಕೂದಲೆಳೆಯಷ್ಟು ಆಚೀಚೆ ಆಯಿತೋ, ಪ್ಲೇಸ್ಟೋರು ಬಾಯಿ ತೆರೆದುಕೊಂಡು ಕೂತಿರುತ್ತದೆ. ಅಷ್ಟು ಹೊತ್ತಿಗೆ ನಮ್ಮ ಕಾಯಿ ಯಾವ ಮನೆಯಲ್ಲಿತ್ತು ಅನ್ನೋದೇ ಮರೆತುಹೋಗಿರುತ್ತೆ, ಅಲ್ವಾ?

ಇದಕ್ಕೆ ಜನ ಕಂಡುಕೊಂಡಿರೋ ಉಪಾಯಗಳು ಒಂದಾ ಎರಡಾ! ಯಾವ ಬೀದಿಯ ಹುಡುಗರನ್ನಾದರೂ ಕೇಳಿ ನೋಡಿ, ಆಟ ಶುರು ಮಾಡೋಕೆ ಮುಂಚೆ ನೆಟ್ ಆಫ್ ಮಾಡಿಬಿಡ್ತಾರೆ. ನೆಟ್ಟೇ ಇಲ್ಲ ಅಂದಮೇಲೆ ಜಾಹೀರಾತು ಎಲ್ಲಿಂದ ಬರಬೇಕು? ಐದನೇ ಕ್ಲಾಸಿನ ಹುಡುಗ ನಾಲ್ಕನೇ ಕ್ಲಾಸಿನವನಿಗೆ ಗುಟ್ಟಾಗಿ ಹೇಳಿಕೊಡೋ ವಿದ್ಯೆ ಇದು. ಕೆಲವರು ಆಟವನ್ನೇ ಮುಚ್ಚಿ ಮತ್ತೆ ತೆಗೀತಾರೆ. ಕೆಲವರು ಉಗುರಿನ ತುದಿ ಇಟ್ಟು ಇಂಟು ಹುಡುಕ್ತಾರೆ. ಮನೆಗೆಲಸದ ನಡುವೆ ಆಡೋರು ಫೋನನ್ನು ಬೋರಲು ಹಾಕಿ, ಕುಕ್ಕರ್ ಎಷ್ಟು ಕೂಗಿತು ನೋಡಿ ಬರ್ತಾರೆ. ಇಷ್ಟೆಲ್ಲ ನೋಡಿದರೆ ಆಡೋರಿಗೂ ಜಾಹೀರಾತಿಗೂ ಹುಟ್ಟು ಹಗೆ ಅಂತ ಅನ್ನಿಸಬೇಕು.

ಆದರೆ ನಮ್ಮ ದೊಡ್ಡಮ್ಮನನ್ನು ನೋಡಿ. ಲಾಕ್‌ಡೌನಿನಲ್ಲಿ ಎಲ್ಲರ ಮನೆಯಲ್ಲೂ ಆದ ಹಾಗೆ ಅವರ ಫೋನಿಗೂ ಲೂಡೊ ಬಂತು. ಇವರು ಶಿವಮೊಗ್ಗದಲ್ಲಿ, ಮಗಳು ಅಮೆರಿಕದಲ್ಲಿ. ಇಲ್ಲಿ ಸಂಧ್ಯಾದೀಪ ಹಚ್ಚುವ ಹೊತ್ತಿಗೆ ಅಲ್ಲಿ ಬೆಳಗಿನ ಕಾಫಿ, ಇಬ್ಬರೂ ಕಾಯಿ ನಡೆಸುತ್ತಾ ಮಾತಾಡೋದು. ಆಟ ಮುಗಿದ ಮೇಲೆ ದೊಡ್ಡಮ್ಮ ಒಂದು ಕೆಲಸ ಮಾಡ್ತಾರೆ. ‘ವಿಡಿಯೋ ನೋಡಿ, ನಾಣ್ಯ ಪಡೆಯಿರಿ’ ಅಂತ ಒಂದು ಗುಂಡಿ ಇರುತ್ತಲ್ಲ, ಅದನ್ನು ತಾವಾಗಿಯೇ ಒತ್ತಿ, ಕನ್ನಡಕ ಸರಿ ಮಾಡಿಕೊಂಡು, ಮೂವತ್ತು ಸೆಕೆಂಡಿನ ಜಾಹೀರಾತನ್ನು ಪೂರ್ತಿ ನೋಡ್ತಾರೆ. “ಈ ಸೀರೆ ಬಾರ್ಡರ್ ಚೆನ್ನಾಗಿದೆ ನೋಡೇ” ಅಂತ ಕಾಮೆಂಟರಿ ಬೇರೆ. ನಾಣ್ಯ ಬಿದ್ದ ಸದ್ದು ಕೇಳಿದ ಮೇಲೇ ಫೋನ್ ಕೆಳಗಿಡೋದು. ಅದೇ ದೊಡ್ಡಮ್ಮ, ಆಟದ ನಡುವೆ ಅದೇ ಸೀರೆ ಬಂದರೆ, “ಹಾಳಾದ್ದು, ಈಗಲೇ ಬರಬೇಕಾ” ಅಂತ ಸಿಡುಕ್ತಾರೆ. ಜಾಹೀರಾತು ಅದೇ, ಸೆಕೆಂಡೂ ಅಷ್ಟೇ. ಒಂದು ಸಲ ಇವರು ಕರೆದಾಗ ಬಂತು, ಇನ್ನೊಂದು ಸಲ ಕೇಳದೆ ನುಗ್ಗಿತು. ಇಡೀ ವಿಷಯದ ಗಂಟು ಇಲ್ಲೇ ಇದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸೋದು.

ಈ ನಾಣ್ಯದ ಉಪಾಯ ಹೊಸದೇನಲ್ಲ. 2014ರಲ್ಲಿ ಆಸ್ಟ್ರೇಲಿಯಾದವರು ‘ಕ್ರಾಸಿ ರೋಡ್’ ಅಂತ ಒಂದು ಕೋಳಿ ರಸ್ತೆ ದಾಟೋ ಆಟ ಮಾಡಿದರು. ಆಟ ಪುಕ್ಕಟೆ. ಮಧ್ಯೆ ತಡೆಯೋದಿಲ್ಲ, ಬೇಕಾದರೆ ಜಾಹೀರಾತು ನೋಡಿ ನಾಣ್ಯ ತೆಗೆದುಕೋ ಅನ್ನೋ ಲೆಕ್ಕ. ಮೊದಲ ಮೂರು ತಿಂಗಳಲ್ಲಿ ಬಂದ ಸುಮಾರು 1 ಕೋಟಿ ಡಾಲರಿನಲ್ಲಿ 30 ಲಕ್ಷದಷ್ಟು ಈ ವಿಡಿಯೋಗಳಿಂದಲೇ ಬಂತು. ಜನ ತಾವಾಗೇ ನೋಡಿದ್ದು, ಯಾರೂ ಕತ್ತು ಹಿಡಿದು ನೋಡಿಸಲಿಲ್ಲ. ಆಮೇಲೆ ಎಲ್ಲರೂ ಅದನ್ನೇ ಹಿಡಿದರು ಬಿಡಿ.

ಲೂಡೊ ಅಂದಾಗ ಚೌಕಾಬಾರ ನೆನಪಾಗದೆ ಇರುತ್ತಾ? ಇಂಗ್ಲೆಂಡಿನವರು ನಮ್ಮ ಪಗಡೆ ಪಚ್ಚೀಸಿಯ ಜಾತಿಯ ಆಟವನ್ನು ತೆಗೆದುಕೊಂಡು 1896ರಲ್ಲಿ ಲೂಡೊ ಅಂತ ಪೇಟೆಂಟ್ ಮಾಡಿಸಿದರು, ಅದೇ ತಿರುಗಿ ನಮ್ಮ ಫೋನಿಗೆ ಬಂತು. ನಮ್ಮ ಕಡೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಗೀಚಿದರೆ ಮುಗೀತು. ಕವಡೆ ಇದ್ದರೆ ಕವಡೆ, ಇಲ್ಲದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡೋದು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕರಿ ಬಿದ್ದರೆ ಬಾರ, ಅಂದರೆ ಎಂಟು. ಆಟಕ್ಕೆ ಅಡ್ಡಿ ಆಗ್ತಾ ಇರಲಿಲ್ಲ ಅಂತಲ್ಲ. ಒಳಗಿನಿಂದ ಕರೆ ಬರೋದು, ಹಾಲು ಉಕ್ಕೋದು, ಮಗು ಬಂದು ಕಾಯಿ ಎತ್ತಿಕೊಂಡು ಓಡೋದು. ಆದರೂ ಎದ್ದವರು ವಾಪಸ್ಸು ಬರೋ ತನಕ ಎಲ್ಲರ ಕಾಯಿಯೂ ಎಲ್ಲಿತ್ತು ಅಂತ ಎಲ್ಲರಿಗೂ ನೆನಪಿರೋದು, ಯಾಕೆಂದರೆ ಆ ಹೊತ್ತು ಆಡೋರ ಕೈಯಲ್ಲಿತ್ತು. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಈ ಹಳೆಯ ಮನೆಯಾಟಗಳನ್ನೆಲ್ಲ ಮತ್ತೆ ಮಾಡಿಸಿ ಪ್ರದರ್ಶನ ಇಡ್ತಾರಲ್ಲ, ಅಲ್ಲಿ ಅಜ್ಜಿಯರು ಬಂದು ಮನೆ ಎಣಿಸೋದನ್ನು ನೋಡಬೇಕು ನೀವು.

ಎಲ್ಲಿಂದ ಎಲ್ಲಿಗೋ ಬಂದೆ. ಜಾಹೀರಾತನ್ನು ಕಂಡರೆ ಆಡೋರಿಗೆ ಆಗೋದಿಲ್ಲ ಅನ್ನೋ ಮಾತು ಸುಳ್ಳು ಅಂತ ಹೇಳೋಕೆ ನನ್ನ ಹತ್ತಿರ ಇನ್ನೂ ಒಳ್ಳೆ ಸಾಕ್ಷಿ ಇದೆ. ‘ಕ್ರಿಕೆಟ್ 07’ ಗೊತ್ತಲ್ಲ? ಇಎ ಸ್ಪೋರ್ಟ್ಸ್‌ನವರು 2006ರ ಕೊನೆಗೆ ಬಿಟ್ಟಿದ್ದು. ಸೈಬರ್ ಕೆಫೆಯಲ್ಲಿ, ಅಣ್ಣಂದಿರ ಅಸೆಂಬಲ್ ಮಾಡಿಸಿದ ಕಂಪ್ಯೂಟರಿನಲ್ಲಿ, ಎಲ್ಲೆಲ್ಲೂ ಅದೇ. ಅದಾದ ಮೇಲೆ ಆ ಸಾಲಿನಲ್ಲಿ ಇನ್ನೊಂದು ಆಟ ಬರಲೇ ಇಲ್ಲ. ಆದರೂ ಇವತ್ತಿಗೂ ಅದನ್ನು ಆಡೋರಿದ್ದಾರೆ. ಹೇಗೆ ಅಂತೀರಾ? ಆಡುವ ಹುಡುಗರೇ ಕೂತು ಪ್ಯಾಚ್ ಮಾಡಿದರು. ಪ್ರತಿ ವರ್ಷ ಹೊಸ ತಂಡ, ಹೊಸ ಜೆರ್ಸಿ, ಐಪಿಎಲ್ ಬಂದ ಮೇಲೆ ಐಪಿಎಲ್. ಆ ಪ್ಯಾಚಿನೊಳಗೆ ಏನೇನಿರುತ್ತಿತ್ತು ಅಂತ ನೋಡಿದರೆ ಆಶ್ಚರ್ಯ ಆಗುತ್ತೆ. ಜೆರ್ಸಿಯ ಎದೆಯ ಮೇಲೆ ಪ್ರಾಯೋಜಕರ ಹೆಸರು, ತೋಳಿನ ಮೇಲೆ ಇನ್ನೊಬ್ಬರದು, ಬೌಂಡರಿ ಗೆರೆಯ ಸುತ್ತ ಆ ವರ್ಷದ ಟಿವಿಯಲ್ಲಿ ಕಂಡ ಅದೇ ಬೋರ್ಡುಗಳು, ಸೈಟ್ ಸ್ಕ್ರೀನಿನ ಪಕ್ಕದ ಬ್ಯಾನರು ಕೂಡ ಬಿಡದೆ. ಬ್ಯಾಟಿನ ಸ್ಟಿಕ್ಕರಂತೂ ಆಟಗಾರನಿಂದ ಆಟಗಾರನಿಗೆ ಬೇರೆ. ಒಂದು ಬೋರ್ಡಿನ ಬಣ್ಣ ಸ್ವಲ್ಪ ಹೆಚ್ಚುಕಮ್ಮಿ ಆದರೆ ಮುಂದಿನ ಪ್ಯಾಚಿನಲ್ಲಿ ತಿದ್ದಿರುತ್ತಿದ್ದರು. ಕಂಪನಿಯವರು ಒಂದು ಪೈಸೆ ಕೊಟ್ಟಿರಲಿಲ್ಲ, ಕೇಳಿಯೂ ಇರಲಿಲ್ಲ. ರಾತ್ರಿ ನಿದ್ದೆಗೆಟ್ಟು, ಓದೋ ಮಕ್ಕಳು, ಜಾಹೀರಾತನ್ನು ತಾವೇ ಬರೆದು ತಮ್ಮ ಆಟದೊಳಗೆ ಅಂಟಿಸಿಕೊಂಡರು!

ಯಾಕೆ ಅಂದರೆ ಬೋರ್ಡು ಇಲ್ಲದ ಮೈದಾನ ಅವರ ಕಣ್ಣಿಗೆ ಮೈದಾನ ಅನ್ನಿಸಲಿಲ್ಲ. ಚಿನ್ನಸ್ವಾಮಿ ಸ್ಟೇಡಿಯಮ್ಮನ್ನು ನಾವು ಟಿವಿಯಲ್ಲಿ ನೋಡಿದ್ದೇ ಬೋರ್ಡುಗಳ ಸಮೇತ. ಬಾಲು ಉರುಳಿಕೊಂಡು ಹೋಗಿ ಟಯರ್ ಕಂಪನಿಯ ಬೋರ್ಡಿಗೆ ಠಪ್ ಅಂತ ಬಡಿದರೇ ಅದು ನಾಲ್ಕು ರನ್ನು.

ಟಯರ್ ಅಂದರೆ ಎಂಆರ್‌ಎಫ್. ನಮ್ಮ ಓಣಿಯಲ್ಲಿ ಹುಡುಗರು ಟೆನ್ನಿಸ್ ಬಾಲಿನ ಬ್ಯಾಟು ತಂದ ದಿನ ಮೊದಲು ಮಾಡ್ತಿದ್ದ ಕೆಲಸ ಹಿಡಿಕೆಗೆ ಗ್ರಿಪ್ ಹಾಕೋದಲ್ಲ, ಕೆಂಪು ಸ್ಕೆಚ್ ಪೆನ್ನಿನಲ್ಲಿ ಎಂಆರ್‌ಎಫ್ ಅಂತ ಬರೆಯೋದು. ಸ್ಕೇಲ್ ಇಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ, ಅಕ್ಷರ ಸೊಟ್ಟ ಆಗದ ಹಾಗೆ ನಾಲಿಗೆ ಹೊರಗೆ ಹಾಕಿಕೊಂಡು ಬಣ್ಣ ತುಂಬೋದು. ಮಳೆಯಲ್ಲಿ ಆಡಿದರೆ ಅಳಿಸಿಹೋಗೋದು, ಮಾರನೆ ದಿನ ಮತ್ತೆ ಬರೆಯೋದು. ಸಚಿನ್ ಬ್ಯಾಟಿನ ಮೇಲೆ ಅದಿತ್ತಲ್ಲ, ಅದಕ್ಕೆ. ಎಂಆರ್‌ಎಫ್ ಅಂದರೆ ಬ್ಯಾಟು ಮಾಡೋ ಕಂಪನಿ ಅಂತಲೇ ಎಷ್ಟೋ ಮಕ್ಕಳು ತಿಳಿದುಕೊಂಡಿದ್ದರು, ಲಾರಿಯ ಟಯರಿನ ಮೇಲೆ ಅದೇ ಹೆಸರು ಕಂಡ ದಿನ ತಬ್ಬಿಬ್ಬಾಗೋರು. ಆ ಸ್ಕೆಚ್ ಪೆನ್ನಿನ ಹುಡುಗರೇ ಬೆಳೆದು ಕ್ರಿಕೆಟ್ 07ಕ್ಕೆ ಪ್ಯಾಚ್ ಬರೆದರು ಅಂದುಕೊಳ್ಳಿ.

ಅದೇ ಹುಡುಗರು ಟಿವಿಯ ಮುಂದೆ ಬೈತಾ ಇದ್ದದ್ದೂ ಜಾಹೀರಾತನ್ನೇ. ಓವರಿನ ಆರನೇ ಬಾಲು ಬ್ಯಾಟಿಗೆ ತಗುಲಿದ್ದೇ ತಡ, ಸೋಪು ಬಂದುಬಿಡೋದು. ಬಾಲು ಎಲ್ಲಿ ಹೋಯಿತು? ಒಂದಾ, ಎರಡಾ, ಕ್ಯಾಚಾ? ಸೋಪು ಮುಗಿದು, ಹಿಟ್ಟು ಮುಗಿದು, ಸ್ಕೋರು ನೋಡಿದ ಮೇಲೇ ತಿಳೀಬೇಕು. ರಾಹುಲ್ ದ್ರಾವಿಡ್ ಮೂರು ಗಂಟೆ ನಿಂತು ಆಡಿ ಔಟಾದರೆ ಪೆವಿಲಿಯನ್ ಕಡೆ ನಡೆದು ಹೋಗೋದನ್ನು ನೋಡೋಕೂ ಬಿಡ್ತಾ ಇರಲಿಲ್ಲ ರೀ, ಅಷ್ಟರಲ್ಲಿ ತಂಪು ಪಾನೀಯ. ಬೌಂಡರಿಯ ಬೋರ್ಡು ದಿನವಿಡೀ ಕಣ್ಣ ಮುಂದೆ ಇದ್ದರೂ ಯಾರೂ ಒಂದು ಮಾತು ಅಂದವರಲ್ಲ, ಬಾಲನ್ನು ಮುಚ್ಚಿದ್ದಕ್ಕೆ ಇಡೀ ಊರು ಬೈತು. ಆಡೋರ ಮನಸ್ಸನ್ನು ತಿಳಿಯೋಕೆ ಇದಕ್ಕಿಂತ ಬೇರೆ ಅಳತೆ ಬೇಕಿಲ್ಲ ಅಂತೀನಿ.

ಹೊರದೇಶದವರ ಕಥೆಯೂ ಇದೇ. ಸೆಗಾದವರ ‘ಕ್ರೇಜಿ ಟ್ಯಾಕ್ಸಿ’ ಅಂತ ಒಂದು ಆಟ, 1999ರದ್ದು. ಹಳದಿ ಟ್ಯಾಕ್ಸಿ ಓಡಿಸಿಕೊಂಡು, ಗಿರಾಕಿಯನ್ನು ಹೇಳಿದ ಕಡೆ ಇಳಿಸೋದು, ಅಷ್ಟೇ. ಗಿರಾಕಿ ಹೇಳೋ ಜಾಗಗಳು ಯಾವುವು? ಪಿಜ್ಜಾ ಹಟ್, ಕೆಎಫ್‌ಸಿ, ಲೀವೈಸ್ ಅಂಗಡಿ, ಟವರ್ ರೆಕಾರ್ಡ್ಸ್. ಆಟದ ಊರು ತುಂಬ ನಿಜವಾದ ಬೋರ್ಡು. 2010ರಲ್ಲಿ ಅದನ್ನು ಹೊಸ ಯಂತ್ರಗಳಿಗೆ ಮತ್ತೆ ತಂದಾಗ ಆ ಹೆಸರುಗಳನ್ನೆಲ್ಲ ತೆಗೆದು ಯಾವುದೋ ಊರುಪೇರಿಲ್ಲದ ಅಂಗಡಿಗಳನ್ನು ಇಟ್ಟರು. ಆಡೋರು ಖುಷಿಪಟ್ಟರಾ? ಇಲ್ಲ. ನಮ್ಮ ಪಿಜ್ಜಾ ಹಟ್ ಎಲ್ಲಿ ಅಂತ ಗೊಣಗಾಡಿದರು. ಜಾಹೀರಾತು ತೆಗೆದಿದ್ದಕ್ಕೆ ಬೇಸರ! ಹತ್ತು ವರ್ಷ ಅದೇ ತಿರುವಿನಲ್ಲಿ ಅದೇ ಕೆಂಪು ಚಾವಣಿ ನೋಡಿ ಬ್ರೇಕ್ ಹಾಕಿದವರಿಗೆ, ನಮ್ಮ ಸರ್ಕಲ್ಲಿನ ಹಳೆಯ ಹೋಟೆಲು ಮುಚ್ಚಿದ ಹಾಗೆ ಆಗಿರಬೇಕು ಪಾಪ.

ಪಿಜ್ಜಾ ಅಂದಾಗ ಇನ್ನೊಂದು. 2005ರಲ್ಲಿ ‘ಎವರ್‌ಕ್ವೆಸ್ಟ್ 2’ ಅನ್ನೋ ಮಾಯಾಲೋಕದ ಆಟದೊಳಗೆ ‘ಪಿಜ್ಜಾ’ ಅಂತ ಟೈಪ್ ಮಾಡಿದರೆ ಪಿಜ್ಜಾ ಹಟ್ಟಿನ ಆರ್ಡರ್ ಪುಟವೇ ತೆರೆದುಕೊಳ್ಳೋದು. ಒಂದು ಕೈಯಲ್ಲಿ ಕತ್ತಿ, ಎದುರಿಗೆ ರಾಕ್ಷಸ, ಹೊಟ್ಟೆ ಹಸಿವು. ಆಟ ಬಿಟ್ಟು ಏಳದೆ ಊಟ ತರಿಸಿಕೊಳ್ಳೋ ವ್ಯವಸ್ಥೆ. ಅಮೆರಿಕದಲ್ಲಿ ಇದಕ್ಕೆ ನಕ್ಕವರು ಬಹಳ, ಆದರೂ ಬಲವಂತ ಇರಲಿಲ್ಲ ನೋಡಿ. ಟೈಪ್ ಮಾಡಿದವರಿಗೆ ಬಂತು, ಮಾಡದವರಿಗೆ ಇಲ್ಲ.

ಜಪಾನಿನವರು ಇದರಲ್ಲೂ ಒಂದು ಕೈ ಮುಂದೆ. 2016ರ ‘ಫೈನಲ್ ಫ್ಯಾಂಟಸಿ 15’ರಲ್ಲಿ ರಾಜಕುಮಾರ ತನ್ನ ಗೆಳೆಯರ ಜೊತೆ ರಾಜ್ಯ ಉಳಿಸೋಕೆ ಹೊರಟಿರ್ತಾನೆ. ಆ ಗಂಭೀರ ಪ್ರಯಾಣದ ಮಧ್ಯೆ ಬೆಟ್ಟದಂಥ ಆಳು ಗ್ಲಾಡಿಯೋಲಸ್, ನಿಸ್ಸಿನ್ ಕಂಪನಿಯ ಕಪ್ ನೂಡಲ್ಸನ್ನು ಹೊಗಳಿದ್ದೇ ಹೊಗಳಿದ್ದು. ಅದಕ್ಕೆ ಸರಿಯಾದ ಮಸಾಲೆ ಹುಡುಕಿಕೊಂಡು ಹೋಗೋದಕ್ಕೇ ಆಟದಲ್ಲೊಂದು ಪ್ರತ್ಯೇಕ ಪ್ರಸಂಗ ಇಟ್ಟಿದ್ದಾರೆ. ಅದು ಶುದ್ಧ ಜಾಹೀರಾತು ಅಂತ ಆಡಿದ ಪ್ರತಿಯೊಬ್ಬರಿಗೂ ಗೊತ್ತು. ಆದರೂ ಜನ ಬೈದಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು, ಆ ಪ್ರಸಂಗವನ್ನು ಈಗಲೂ ನೆನೆಸಿಕೊಂಡು ನಗ್ತಾರೆ. ಇನ್ನೊಂದು ಆಟ, ‘ಡೆತ್ ಸ್ಟ್ರಾಂಡಿಂಗ್’, 2019ರದ್ದು. ಲೋಕ ಮುಳುಗಿಹೋದ ಮೇಲೂ ನಾಯಕನ ಕೋಣೆಯ ಮೇಜಿನ ಮೇಲೆ ಮಾನ್‌ಸ್ಟರ್ ಅನ್ನೋ ಪಾನೀಯದ ಡಬ್ಬಿ ಸಾಲಾಗಿ ಕೂತಿತ್ತು. ಎರಡು ವರ್ಷದ ಮೇಲೆ ಬಂದ ಹೊಸ ಆವೃತ್ತಿಯಲ್ಲಿ ಆ ಡಬ್ಬಿ ಹೋಗಿ ಆಟದ್ದೇ ಕಲ್ಪನೆಯ ಪಾನೀಯ ಬಂತು. ಅದು ನನಗೂ ಒಪ್ಪಿಗೆ. ಅಂಥ ಮೌನದ ಕಥೆಯೊಳಗೆ ಆ ಡಬ್ಬಿ ಹೊಂದಿಕೆ ಆಗ್ತಾನೇ ಇರಲಿಲ್ಲ.

ಎಲ್ಲಕ್ಕಿಂತ ಸೋಜಿಗದ್ದು 2008ರ ಅಕ್ಟೋಬರಿನದು. ‘ಬರ್ನ್‌ಔಟ್ ಪ್ಯಾರಡೈಸ್’ ಅಂತ ಕಾರು ಓಡಿಸೋ ಆಟ. ಹುಡುಗ ಬೆಂಕಿ ಬಿದ್ದ ಹಾಗೆ ಓಡಿಸ್ತಾ ಇದ್ದಾನೆ, ರಸ್ತೆ ಬದಿಯ ಫಲಕದಲ್ಲಿ ಯಾರು? ಬರಾಕ್ ಒಬಾಮ! ಮುಂಗಡ ಮತದಾನ ಶುರುವಾಗಿದೆ ಅಂತ ಬರಹ. ಒಟ್ಟು 18 ಆಟಗಳಲ್ಲಿ, ಅಮೆರಿಕದ 10 ರಾಜ್ಯಗಳಲ್ಲಿ ಆಡೋರಿಗೆ ಮಾತ್ರ ಕಾಣೋ ಹಾಗೆ ಹಾಕಿಸಿದ್ದರು. ಪಕ್ಕದ ರಾಜ್ಯದ ಗೆಳೆಯ ಅದೇ ರಸ್ತೆಯಲ್ಲಿ ಅದೇ ಕಾರು ಓಡಿಸಿದರೆ ಅಲ್ಲಿ ಬೇರೇನೋ. ಗಂಟೆಗೆ ಇನ್ನೂರು ಮೈಲಿ ವೇಗದಲ್ಲಿ ಮತದಾನದ ನೆನಪು ಮಾಡಿಸೋದು ಅಂದರೆ ಸಾಮಾನ್ಯವಾ? ಮತ ಹಾಕಿದವರೂ ಹಾಕದವರೂ ಆ ಫಲಕವನ್ನು ದಾಟಿ ಮುಂದೆ ಹೋದರು, ಕಾರು ನಿಲ್ಲಲಿಲ್ಲ. ಅದಕ್ಕೇ ಜಗಳವೂ ದೊಡ್ಡದಾಗಲಿಲ್ಲ.

ಹಾಗಾದರೆ ಜಗಳ ಆಗಿದ್ದೆಲ್ಲಿ? ದುಡ್ಡು ಕೊಟ್ಟ ಕಡೆ. ಪುಕ್ಕಟೆ ಆಟದಲ್ಲಿ ಜಾಹೀರಾತು ಬಂದರೆ, ಹೋಗಲಿ, ಅವರೂ ಬದುಕಬೇಕಲ್ಲ ಅಂತ ನಮ್ಮವರು ಒಂದು ಲೆಕ್ಕಕ್ಕೆ ಬಂದಿದ್ದಾರೆ. ಆದರೆ ನಾಲ್ಕೈದು ಸಾವಿರ ಎಣಿಸಿ ಕೊಂಡುಕೊಂಡ ಆಟದಲ್ಲಿ ಬಂದರೆ? 2009ರಲ್ಲಿ ‘ವೈಪ್‌ಔಟ್ ಎಚ್‌ಡಿ’ಗೆ ಒಂದು ಜಾಹೀರಾತು ತಂದು ರೇಸು ಶುರುವಾಗೋ ಮುಂಚಿನ ಕಾಯುವ ಹೊತ್ತಿಗೆ ಸೇರಿಸಿದರು. ಆ ವಿಡಿಯೋದಿಂದಾಗಿ ಕಾಯೋ ಹೊತ್ತೇ ಉದ್ದವಾಯಿತು. ಜನ ಗಡಿಯಾರ ಹಿಡಿದುಕೊಂಡು ಕೂತು ಮೊದಲೆಷ್ಟು, ಈಗೆಷ್ಟು ಅಂತ ಅಳೆದರು. ಹತ್ತು ಸೆಕೆಂಡಿನ ಆಸುಪಾಸು ಹೆಚ್ಚು. ಗಲಾಟೆ ಎದ್ದಿತು, ಸೋನಿಯವರು ತೆಗೆದರು. 2020ರಲ್ಲಿ ಹೊಡೆದಾಟದ ಆಟ ‘ಯುಎಫ್‌ಸಿ 4’ರಲ್ಲಿ, ಏಟು ಬಿದ್ದ ಕ್ಷಣವನ್ನು ಮತ್ತೆ ನಿಧಾನವಾಗಿ ತೋರಿಸ್ತಾರಲ್ಲ, ಅದರ ಹಿಂದುಮುಂದು ‘ದಿ ಬಾಯ್ಸ್’ ಧಾರಾವಾಹಿಯ ಜಾಹೀರಾತು ಬಂತು. ಆಟ ಬಿಟ್ಟು ಇನ್ನೂ ಒಂದು ತಿಂಗಳು ಆಗಿರಲಿಲ್ಲ. ಜನ ಉರಿದುಬಿದ್ದರು, ನಿಮಗೆ ಇದು ಬೇಡ ಅನ್ನೋದು ನಮಗೆ ಸ್ಪಷ್ಟವಾಗಿದೆ ಅಂತ ಇಎಯವರೇ ಹೇಳಿ ಹಿಂದಕ್ಕೆ ತೆಗೆದರು. ಮರು ತಿಂಗಳೇ ಬಾಸ್ಕೆಟ್‌ಬಾಲಿನ ‘ಎನ್‌ಬಿಎ 2ಕೆ21’ರಲ್ಲಿ ದಾಟಿಸಲಾಗದ ಜಾಹೀರಾತು, ಮತ್ತೆ ಅದೇ ರಾಮಾಯಣ, ಮತ್ತೆ ಅದೇ ಸಮಜಾಯಿಷಿ. ಗಮನಿಸಿ, ಇದೇ ಆಟಗಳ ಅಂಕಣದ ಸುತ್ತ ಬೇಕಾದಷ್ಟು ಕಂಪನಿಗಳ ಹೆಸರು ಮೊದಲಿನಿಂದ ಇತ್ತು. ಅದಕ್ಕೆ ಯಾರೂ ಚಕಾರ ಎತ್ತಿರಲಿಲ್ಲ.

ನಮ್ಮ ಬೆಂಗಳೂರಿನಲ್ಲೇ ಸಿನಿಮಾ ನೋಡೋಕೆ ಹೋದವರೊಬ್ಬರು ಇದೇ ಮಾತನ್ನು ಕೋರ್ಟಿಗೆ ತಗೊಂಡು ಹೋದರಲ್ಲ, ಪೇಪರಿನಲ್ಲಿ ಓದಿರ್ತೀರಿ. 4.05ರ ಆಟಕ್ಕೆ ಟಿಕೆಟ್ ತಗೊಂಡರೆ ಮಲ್ಟಿಪ್ಲೆಕ್ಸಿನಲ್ಲಿ ಚಿತ್ರ ಶುರುವಾಗಿದ್ದು ನಾಲ್ಕೂವರೆಗೆ, ಮಧ್ಯದ 25 ನಿಮಿಷ ಜಾಹೀರಾತು. 2025ರ ಫೆಬ್ರುವರಿಯಲ್ಲಿ ಗ್ರಾಹಕರ ಆಯೋಗ ಅವರಿಗೆ 65,000 ರೂಪಾಯಿ ಕೊಡಿ ಅಂತ ಹೇಳಿತು. ಮುಂದಿನ ತಿಂಗಳು ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು, ಅದು ಬೇರೆ ವಿಷಯ. ಹಳೆಯ ಟಾಕೀಸುಗಳಲ್ಲಿ ಸ್ಲೈಡು ತೋರಿಸ್ತಿದ್ದಾಗ ಯಾರಿಗೂ ಹೀಗನ್ನಿಸಿರಲಿಲ್ಲ. ಊರಿನ ಬಟ್ಟೆ ಅಂಗಡಿ, ಬಳೆ ಅಂಗಡಿ, ಹಲ್ಲುಪುಡಿ, ಒಂದೊಂದು ಸ್ಲೈಡು ಬರ್ತಾ ಇದ್ದ ಹಾಗೆ ತಡವಾಗಿ ಬಂದವರು ಕತ್ತಲಲ್ಲಿ ತಡಕಾಡಿಕೊಂಡು ಜಾಗ ಹಿಡಿಯೋರು. “ಪಿಕ್ಚರ್ ಶುರುವಾಯ್ತಾ?” “ಇಲ್ಲ, ಇನ್ನೂ ಸ್ಲೈಡು.” ಕಡಲೆಕಾಯಿ ಸುಲಿಯೋಕೆ ಅಷ್ಟು ಹೊತ್ತು ಬೇಕಿತ್ತು ಅನ್ನಿ.

ಇನ್ನೊಂದು ಕೋಪ ಇದೆ, ಅದು ಬೇರೆ ಥರದ್ದು. ಜಾಹೀರಾತಿನಲ್ಲಿ ತೋರಿಸೋ ಆಟ ಒಂದು, ಇಳಿಸಿಕೊಂಡರೆ ಸಿಗೋ ಆಟ ಇನ್ನೊಂದು. ಆ ಮೊಳೆ ಕೀಳೋ ಜಾಹೀರಾತು ನೋಡಿದ್ದೀರಿ ತಾನೆ? ಒಬ್ಬ ಬಡಪಾಯಿ ಕೆಳಗೆ ನಿಂತಿರ್ತಾನೆ, ಮೇಲೆ ಒಂದು ಕಡೆ ಬೆಂಕಿಯ ರಸ, ಇನ್ನೊಂದು ಕಡೆ ಚಿನ್ನ, ನಡುವೆ ಮೊಳೆಗಳು. ಸರಿಯಾದ ಮೊಳೆ ಕಿತ್ತರೆ ಚಿನ್ನ ಬೀಳಬೇಕು. ಜಾಹೀರಾತಿನ ಕೈ ಇದೆಯಲ್ಲ, ಅದು ಪ್ರತಿ ಸಲವೂ ತಪ್ಪು ಮೊಳೆಯನ್ನೇ ಕೀಳುತ್ತದೆ. ನೋಡೋರಿಗೆ ಮೈಯೆಲ್ಲ ಉರಿದು, ತಾರೋ ಇಲ್ಲಿ ನಾನು ಮಾಡಿ ತೋರಿಸ್ತೀನಿ ಅನ್ನಿಸಬೇಕು, ಅದೇ ಅದರ ಗುಟ್ಟು. ಇಳಿಸಿಕೊಂಡು ನೋಡಿದರೆ ಮೊಳೆಯೂ ಇಲ್ಲ, ಚಿನ್ನವೂ ಇಲ್ಲ, ಮೂರು ಬಣ್ಣದ ಕಲ್ಲು ಸಾಲು ಮಾಡೋ ಆಟ. 2020ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಜಾಹೀರಾತು ಮೇಲ್ವಿಚಾರಣೆಯವರು ‘ಹೋಮ್‌ಸ್ಕೇಪ್ಸ್’, ‘ಗಾರ್ಡನ್‌ಸ್ಕೇಪ್ಸ್’ ಆಟಗಳ ಇಂಥ ಎರಡು ಜಾಹೀರಾತುಗಳನ್ನು ದಾರಿ ತಪ್ಪಿಸುವಂಥವು ಅಂತ ನಿಲ್ಲಿಸಿದರು. ಎಲ್ಲ ಚಿತ್ರಗಳೂ ಆಟದಲ್ಲಿ ಇರೋದಿಲ್ಲ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರಂತೆ, ಅದು ಸಾಲದು ಅಂದರು.

ಇದರಲ್ಲಿ ನನಗೆ ತೀರ ಇಷ್ಟವಾಗಿದ್ದು ಜಪಾನಿನವರು ಮಾಡಿದ ಕೆಲಸ. ಜಾಹೀರಾತಿನಲ್ಲಿ ಮಾತ್ರ ಇದ್ದ, ಎಲ್ಲೂ ಸಿಗದ ಆ ಆಟಗಳನ್ನು 2023ರಲ್ಲಿ ನಿಜವಾಗಿಯೂ ಮಾಡಿಬಿಟ್ಟರು! ಮೊಳೆ ಕೀಳೋದು, ಅಂಕಿ ನೋಡಿ ಗೋಪುರ ಹತ್ತೋದು, ಕಾರುಗಳನ್ನು ಬಿಡಿಸೋದು, ಎಲ್ಲ ಸೇರಿಸಿ ಒಂದೇ ಕಟ್ಟು. ಅದರ ಹೆಸರೇ ಒಂದು ಗೇಣುದ್ದ ಇದೆ: ನಿಮಗೆ ‘ಆ ಆಟಗಳು’ ಬೇಕಿತ್ತಲ್ವಾ, ತಗೊಳ್ಳಿ, ಗೆದ್ದು ತೋರಿಸಿ ನೋಡೋಣ ಅನ್ನೋ ಅರ್ಥದ್ದು. ಅದಕ್ಕೆ ಬೆಲೆ ಇದೆ, ಜನ ದುಡ್ಡು ಕೊಟ್ಟು ಕೊಂಡರು. ಎಷ್ಟೋ ವರ್ಷ ಆ ತಪ್ಪು ಮೊಳೆ ಕೀಳೋದನ್ನು ನೋಡಿ ನೋಡಿ ಬೆಂದಿದ್ದವರು ಕೊನೆಗೂ ತಮ್ಮ ಕೈಯಾರೆ ಸರಿಯಾದ ಮೊಳೆ ಕಿತ್ತರು. ಚಿನ್ನ ಬಿದ್ದ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು, ಅಲ್ವಾ?

ಆಟ ಮಾರೋರಿಗೂ ಈ ಭೇದ ಗೊತ್ತಾಗಿದೆ. ಸ್ಟೀಮ್ ಅನ್ನೋ ದೊಡ್ಡ ಆಟದ ಅಂಗಡಿಯವರು ತಮ್ಮ ನಿಯಮವನ್ನು 2025ರಲ್ಲಿ ಬಿಡಿಸಿ ಬರೆದರು. ಜಾಹೀರಾತು ನೋಡದೆ ಆಡೋಕೆ ಆಗೋದಿಲ್ಲ ಅನ್ನೋ ಹಾಗೆ ಮಾಡಕೂಡದು, ನೋಡಿದ್ದಕ್ಕೆ ಬಹುಮಾನ ಅಂತಲೂ ಕೊಡಕೂಡದು. ಆದರೆ ರೇಸಿನ ಆಟದಲ್ಲಿ ಕಾರಿನ ಮೇಲೆ ನಿಜವಾದ ಪ್ರಾಯೋಜಕರ ಹೆಸರು ಇದ್ದರೆ ತೊಂದರೆ ಇಲ್ಲ. ಬಹುಮಾನವೂ ಬೇಡ ಅಂದಿದ್ದು ದೊಡ್ಡಮ್ಮನಿಗೆ ಹಿಡಿಸಲಿಕ್ಕಿಲ್ಲ, ಅವರ ಫೋನಿಗೂ ಆ ಅಂಗಡಿಗೂ ಸಂಬಂಧ ಇಲ್ಲ, ಬಚಾವ್. ಮಿಕ್ಕಿದ್ದು ನೂರಕ್ಕೆ ನೂರು ಸರಿ.

ನಮ್ಮಲ್ಲೂ ಕಾನೂನು ಇಲ್ಲ ಅಂದುಕೊಳ್ಳಬೇಡಿ. ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ತಡೆಯೋಕೆ ಮಾರ್ಗಸೂಚಿ ಹೊರಡಿಸಿದೆ. ಪರದೆಯ ಮೇಲೆ ಜನರನ್ನು ಯಾಮಾರಿಸೋ 13 ಬಗೆಯ ಚಾಲಾಕಿಗಳನ್ನು ಹೆಸರು ಹಿಡಿದು ಪಟ್ಟಿ ಮಾಡಿದ್ದಾರೆ. ಜಾಹೀರಾತನ್ನು ಬೇರೇನೋ ಅನ್ನೋ ಹಾಗೆ ವೇಷ ಹಾಕಿಸಿ ತೋರಿಸೋದು ಅದರಲ್ಲಿದೆ, ಬೇಡ ಅಂದರೂ ಬಿಡದೆ ಪೀಡಿಸೋದು ಇದೆ, ಮುಚ್ಚೋ ಗುರುತು ಒತ್ತಿದರೆ ಮುಚ್ಚುವ ಬದಲು ಇನ್ನೊಂದು ಜಾಹೀರಾತು ತೆರೆಯೋದೂ ಇದೆ. ಇದನ್ನು ಓದಿದಾಗ, ಪರವಾಗಿಲ್ಲ, ಬರೆದವರು ಯಾರೋ ನಮ್ಮ ಹಾಗೆ ಆಡಿದವರೇ ಇರಬೇಕು ಅಂತ ನನಗೆ ಖುಷಿಯಾಯಿತು.

ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಶುರುವಾದಾಗಿನಿಂದ ಆಟ ಕಟ್ಟೋ ಕೆಲಸ ನಡೀತಾ ಇದೆ. ನಿಮ್ಮ ಮನೆಯ ಮಕ್ಕಳೂ ಯಾರಾದರೂ ಆ ಕೆಲಸದಲ್ಲಿ ಇರಬಹುದು. ಸಿಕ್ಕಿದಾಗ ಹೇಳಿ, ಬೋರ್ಡು ಎಷ್ಟು ಬೇಕಾದರೂ ಹಾಕಿಕೊಳ್ಳಪ್ಪಾ, ಬೌಂಡರಿ ಆಚೆ ಹಾಕು, ಆಡೋರ ಹೊತ್ತಿಗೆ ಕೈ ಹಾಕಬೇಡ ಅಂತ. ದುಡ್ಡು ಕೊಟ್ಟು ಕೊಂಡ ಆಟ ನಿಮಗೆ ಬಲವಂತದ ಜಾಹೀರಾತು ತೋರಿಸಿದರೆ, ಇಲ್ಲವೇ ಮುಚ್ಚೋಕೆ ಹೋದವರನ್ನು ಯಾಮಾರಿಸಿದರೆ, ಮನೆಯಲ್ಲೇ ಗೊಣಗಿ ಸುಮ್ಮನಾಗಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915, ಕನ್ನಡದಲ್ಲೇ ಮಾತಾಡಬಹುದು.